ದಾರಿಯ ಲೆಕ್ಕ

ಪಠ್ಯಪುಸ್ತಕದ ರಸಾಯನ ಸಮೀಕರಣವನ್ನು ಕಂಡಾಗ ನಾವು ಎರಡು ಪ್ರಶ್ನೆಗಳನ್ನು ಕೇಳುತ್ತೇವೆ: ಏನು ದೊರೆಯಿತು? ಎಷ್ಟು ದೊರೆಯಿತು? ಯಾವ ದಾರಿಯಿಂದ ದೊರೆಯಿತೆಂದು ಕೇಳುವುದು ಅಪರೂಪ.

ಭೋಪಾಲದ ಕಾರ್ಖಾನೆಯೊಂದರಲ್ಲಿ ಕಾರ್ಬರಿಲ್ ಎಂಬ ಕೀಟನಾಶಕವನ್ನು ತಯಾರಿಸುತ್ತಿದ್ದರು. ಮೀಥೈಲ್ ಅಮೀನನ್ನು ಫಾಸ್ಜೀನಿನೊಡನೆ ಕೂಡಿಸಿ ಮೊದಲು ಮೀಥೈಲ್ ಐಸೊಸಯನೇಟನ್ನು ಪಡೆಯುವುದು. ಅನಂತರ ಅದನ್ನು ನ್ಯಾಫ್ಥಾಲಿನೊಡನೆ ಸೇರಿಸುವುದು. 1984ರ ಡಿಸೆಂಬರ್ 2ರ ರಾತ್ರಿ, ಈ ನಡುವಣ ವಸ್ತುವನ್ನು ಶೇಖರಿಸಿದ್ದ ತೊಟ್ಟಿಗೆ ನೀರು ಸೇರಿತು. ಸುಮಾರು 40 ಟನ್ನು ವಿಷಾನಿಲ ಊರಿನ ಮೇಲೆ ಹರಡಿ, ಸಾವಿರಾರು ಜನ ಮಡಿದರು.

ನ್ಯಾಫ್ಥಾಲನ್ನೇ ಮೊದಲು ಫಾಸ್ಜೀನಿನೊಡನೆ ಕೂಡಿಸಿ, ಆಮೇಲೆ ಮೀಥೈಲ್ ಅಮೀನನ್ನು ಸೇರಿಸಿದರೂ ಕಾರ್ಬರಿಲ್ ದೊರೆಯುತ್ತದೆ. ಮೂಲವಸ್ತುಗಳು ಅವೇ ಮೂರು. ಕಡೆಯ ಫಲವೂ ಅದೇ. ಮೀಥೈಲ್ ಐಸೊಸಯನೇಟನ್ನು ಕೂಡಿಡುವ ಅಗತ್ಯ ಮಾತ್ರ ಇಲ್ಲ. ಫಾಸ್ಜೀನೂ ವಿಷವೇ ಆದುದರಿಂದ ಈ ದಾರಿ ಪೂರ್ಣ ನಿರ್ಭಯವಲ್ಲ. ಆದರೂ ದೊಡ್ಡದೊಂದು ಅಪಾಯ ತಪ್ಪುತ್ತದೆ.

ಆದಿ ಅಂತ್ಯಗಳು ಒಂದೇ ಆದರೆ ಆಂತರಿಕ ಶಕ್ತಿಯ ವ್ಯತ್ಯಾಸವು ದಾರಿಯನ್ನು ಅವಲಂಬಿಸದೆಂದು ಭೌತವಿಜ್ಞಾನದ ತರಗತಿಯಲ್ಲಿ ನಾವು ಕಲಿಸುತ್ತೇವೆ. ಅಪಾಯವಾದರೋ ದಾರಿಯನ್ನೇ ಅವಲಂಬಿಸಿದೆ.

ವಿಷವಸ್ತುಗಳ ಬಳಕೆಯನ್ನೂ ಹುಟ್ಟನ್ನೂ ಮೊದಲೇ ತಗ್ಗಿಸುವ ಶಾಸ್ತ್ರವೇ ಹಸುರು ರಸಾಯನ ವಿಜ್ಞಾನ. 1998ರಲ್ಲಿ ಪಾಲ್ ಅನಸ್ಟಾಸ್ ಮತ್ತು ಜಾನ್ ವಾರ್ನರ್ ಇದರ 12 ಸೂತ್ರಗಳನ್ನು ಪ್ರಕಟಿಸಿದರು. ಅವಘಡಕ್ಕೆ ಅವಕಾಶ ಕಡಿಮೆಯಿರುವ ವಸ್ತುಗಳನ್ನೇ ಆರಿಸಬೇಕೆಂಬುದು ಅವುಗಳಲ್ಲಿ ಕೊನೆಯದು. ಈ ವಿಷಯವನ್ನು ಪುಸ್ತಕದ ಕಡೆಯ ಅಧ್ಯಾಯಕ್ಕೆ ನೂಕಿದರೆ ಸಾಲದು. ಪ್ರತಿಯೊಂದು ಸಮೀಕರಣವನ್ನು ಬರೆಯುವಾಗಲೂ ವಿದ್ಯಾರ್ಥಿ ಕೇಳಿಕೊಳ್ಳಬೇಕು: ನಡುವೆ ಏನಿತ್ತು? ಬೇರೆ ದಾರಿ ಇರಲಿಲ್ಲವೆ?