ಶಾಸನದ ದಾಖಲೆಯೂ ಅಕ್ಷರಗಳ ಸಾಲೂ

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ಅದರಲ್ಲಿ ಶಾಸನಗಳ ಕ್ರಮಸಂಖ್ಯೆಯು ಪ್ರತಿಯೊಂದು ತಾಲ್ಲೂಕಿಗೂ ಹೊಸದಾಗಿ ಒಂದರಿಂದ ಮೊದಲಾಗುವುದು. ಆದುದರಿಂದ ಹಾಸನ 1, ಹೊಳೆನರಸೀಪುರ 1, ಅರಕಲಗೂಡು 1, ಚನ್ನರಾಯಪಟ್ಟಣ 1 ಎಂಬವು ನಾಲ್ಕು ಬೇರೆ ಬೇರೆ ಶಾಸನಗಳು. ಇಂತಹ ದಾಖಲೆಗಳನ್ನು ಜಾಲಪುಟಗಳ ಕ್ರಮವಿಧಿಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅಳವಡಿಸುವವರು ಒಂದು ತೊಡಕನ್ನು ಮೊದಲೇ ಅರಿತಿರಬೇಕು.

ತಾಲ್ಲೂಕು, ಗ್ರಾಮ, ಸಂಖ್ಯೆ, ಪಾಠ ಎಂಬ ಅಂಗಗಳು ಒಟ್ಟುಗೂಡಿದ ದಾಖಲೆಗೆ ಆ ಭಾಷೆಯಲ್ಲಿ ಆಬ್ಜೆಕ್ಟ್ ಎಂದೂ, ಬರಿಯ ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎಂದೂ ಹೆಸರು. ಸಾಲು ಬೇಕಾದೆಡೆಯಲ್ಲಿ ದಾಖಲೆಯನ್ನಿಟ್ಟರೆ, ಭಾಷೆಯು ಟು-ಸ್ಟ್ರಿಂಗ್ ಎಂಬ ವಿಧಾನದಿಂದ ತಾನಾಗಿಯೇ ಅದನ್ನು ಸಾಲಾಗಿ ಮಾರ್ಪಡಿಸುವುದು. ಬೇರೆ ವಿಧಿಯೇನೂ ಇಲ್ಲದಿದ್ದರೆ ಆಗ ದೊರೆಯುವುದು, ಚೌಕ ಕಂಸದೊಳಗೆ ಆಬ್ಜೆಕ್ಟ್ ಎಂಬ ಮಾತು ಎರಡು ಬಾರಿ, ಅಷ್ಟೆ. ಶಾಸನವನ್ನು ಓದಿ ಹೇಳೆಂದವನಿಗೆ ‘ಇದು ಕಲ್ಲು’ ಎಂದು ಉತ್ತರವಿತ್ತಂತೆ!

ಇದು ಬರಿಯ ನಗೆಯ ಸಂಗತಿಯಲ್ಲ. ಸಾಧಾರಣ ಆಬ್ಜೆಕ್ಟಿನಲ್ಲಿ ದಾಖಲೆಯನ್ನೇ ಕೀಲಿಯಾಗಿ ಬಳಸಿದರೆ ಆ ಕೀಲಿಯೂ ಮೊದಲು ಸ್ಟ್ರಿಂಗಾಗುವುದು. ಹಾಸನದ ದಾಖಲೆಯನ್ನು ಕೀಲಿಯಾಗಿ ಮಾಡಿ ಅದರ ಭಾಷಾಂತರವನ್ನಿಟ್ಟು, ಅನಂತರ ಅರಕಲಗೂಡಿನದನ್ನೂ ಹಾಗೆಯೇ ಇಟ್ಟರೆ, ಎರಡು ಕೀಲಿಗಳೂ ಒಂದೇ ಆಗಿ ಹಿಂದಿನ ಭಾಷಾಂತರವು ಅಳಿಸಿಹೋಗುವುದು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದು. ದಾಖಲೆಗೆ ಸ್ವಂತ ಟು-ಸ್ಟ್ರಿಂಗ್ ವಿಧಾನವನ್ನು ಬರೆದು, ತಾಲ್ಲೂಕಿನ ಪೂರ್ಣ ಹೆಸರನ್ನೂ ಸಂಖ್ಯೆಯನ್ನೂ ಜೊತೆಗೂಡಿಸುವುದೇ ಇದಕ್ಕೆ ಪರಿಹಾರ. ಸಂಖ್ಯೆಯೊಂದೇ ಸಾಲದೆಂಬುದು ಮೇಲೆ ಹೇಳಿದುದರಿಂದಲೇ ಸ್ಪಷ್ಟ. ಹೆಸರನ್ನು ಮೊದಲ ವ್ಯಂಜನಕ್ಕೆ ಸಂಕ್ಷೇಪಿಸಿದರೂ ಹಾಸನ, ಹೊಳೆನರಸೀಪುರಗಳೆರಡೂ ಹಕಾರದಲ್ಲಿ ಬೆರೆತುಹೋಗುವುವು. 2015ರಲ್ಲಿ ಭಾಷೆಗೆ ಸೇರಿದ ಮ್ಯಾಪ್ ಎಂಬ ಸಂಗ್ರಹವಾದರೋ ದಾಖಲೆಯನ್ನು ಮಾರ್ಪಡಿಸದೆಯೇ ಕೀಲಿಯಾಗಿ ಸ್ವೀಕರಿಸುವುದು.

ದಾಖಲೆಯ ಅಂಗಗಳೆಲ್ಲವೂ ಸಾಲಿನಲ್ಲಿ ಉಳಿಯಬೇಕಾದರೆ ಜೇಸನ್ ಎಂಬ ರೂಪವುಂಟು. ಅದನ್ನು ರಚಿಸುವ ಸ್ಟ್ರಿಂಗಿಫೈ ವಿಧಾನವು 2009ರ ಐದನೆಯ ಪರಿಷ್ಕರಣದಲ್ಲಿ ಭಾಷೆಯೊಳಕ್ಕೆ ಬಂದಿತು. ಕನ್ನಡದ ಅಕ್ಷರಗಳು ಅದರಲ್ಲಿ ಕೆಡುವುದಿಲ್ಲ. ಆದರೆ ದಾಖಲೆಯೊಳಗಿನ ವಿಧಾನಗಳೂ ಬೆಲೆಯಿಲ್ಲದ ಅಂಗಗಳೂ ಸದ್ದಿಲ್ಲದೆ ಬಿಟ್ಟುಹೋಗುವುವು. ದಿನಾಂಕವು ಅಕ್ಷರವಾಗಿ ಹೋದುದು ಮರಳಿ ಓದಿದಾಗಲೂ ಅಕ್ಷರವಾಗಿಯೇ ಬರುವುದು. ಶಾಸನದ ದಾಖಲೆಯಲ್ಲಿ ಗ್ರಾಮವೂ, ಗ್ರಾಮದ ದಾಖಲೆಯಲ್ಲಿ ಅದೇ ಶಾಸನವೂ ಅಡಕವಾಗಿದ್ದರೆ ಸುತ್ತು ಮುಗಿಯದೆ, ವಿಧಾನವು ದೋಷವನ್ನು ಸಾರಿ ನಿಂತುಬಿಡುವುದು. ಮೌನವಾಗಿ ಅಳಿಸುವುದಕ್ಕಿಂತ ಈ ನಿರಾಕರಣೆಯೇ ಮೇಲು. ಅಂತಹ ಕಡೆ ಶಾಸನದೊಳಗೆ ಗ್ರಾಮದ ಹೆಸರನ್ನು ಮಾತ್ರ ಇಟ್ಟರೆ ಸಾಕು.