ಕಾಲ್ವರ್ಟ್ ಕ್ಲಿಫ್ಸ್‌ನ ಕಾಂಕ್ರೀಟ್ ಗೂಡುಗಳು: ಎಷ್ಟು ವರ್ಷಕ್ಕೆ?

ವಾಷಿಂಗ್ಟನ್‌ನಿಂದ ಆಗ್ನೇಯಕ್ಕೆ ಸುಮಾರು 45 ಮೈಲಿ ಹೋದರೆ, ಚೆಸಪೀಕ್ ಕೊಲ್ಲಿಯ ದಡದಲ್ಲಿ ಕಾಲ್ವರ್ಟ್ ಕ್ಲಿಫ್ಸ್ ಅಣು ವಿದ್ಯುತ್ ಸ್ಥಾವರವಿದೆ. ಪಕ್ಕದ ಸ್ಟೇಟ್ ಪಾರ್ಕಿಗೆ ಶಾರ್ಕ್ ಹಲ್ಲಿನ ಪಳೆಯುಳಿಕೆ ಹುಡುಕಲು ನಮ್ಮಲ್ಲಿ ಹಲವರು ಹೋಗುತ್ತೇವೆ. ಆದರೆ ಸ್ಥಾವರದ ಆವರಣದಲ್ಲೇ, 1990ರ ದಶಕದಿಂದ, ಬಳಸಿದ ಅಣು ಇಂಧನವನ್ನು ಕಾಂಕ್ರೀಟ್ ಗೂಡುಗಳಲ್ಲಿ ಇಟ್ಟಿದ್ದಾರೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ರಿಯಾಕ್ಟರಿನಿಂದ ಹೊರತೆಗೆದ ಮೇಲೂ ಯುರೇನಿಯಂ ಕಡ್ಡಿಗಳು ಬಿಸಿಯಾಗಿರುತ್ತವೆ, ವಿಕಿರಣ ಸೂಸುತ್ತಲೇ ಇರುತ್ತವೆ. ಹಾಗಾಗಿ ಮೊದಲು ಕೆಲವು ವರ್ಷ ನೀರಿನ ಕೊಳದಲ್ಲಿ ಇಡುತ್ತಾರೆ. ಆಮೇಲೆ ಸ್ಟೀಲ್ ಡಬ್ಬಿಗೆ ಹಾಕಿ, ಹೀಲಿಯಂ ತುಂಬಿ, ಬೆಸುಗೆ ಹಾಕಿ, ದಪ್ಪ ಕಾಂಕ್ರೀಟ್ ಗೂಡಿನೊಳಗೆ ಅಡ್ಡ ಮಲಗಿಸುತ್ತಾರೆ. ಪಂಪ್ ಇಲ್ಲ, ಫ್ಯಾನ್ ಇಲ್ಲ. ತಂಪು ಗಾಳಿ ಕೆಳಗಿನಿಂದ ಒಳಗೆ ಬರುತ್ತೆ, ಬಿಸಿಯಾಗಿ ಮೇಲಿನಿಂದ ಹೋಗುತ್ತೆ, ಅಷ್ಟೇ. ಇದೇ ಡ್ರೈ ಸ್ಟೋರೇಜ್. ದೇಶದಲ್ಲಿ ಇದಕ್ಕೆ ಮೊದಲ ಪರವಾನಗಿ ಸಿಕ್ಕಿದ್ದು 1986ರಲ್ಲಿ, ವರ್ಜೀನಿಯಾದ ಸರ್ರಿ ಸ್ಥಾವರಕ್ಕೆ. ಅದೇ ವರ್ಷ ದಕ್ಷಿಣ ಕೆರೊಲಿನಾದ ರಾಬಿನ್‌ಸನ್‌ಗೆ, 1990ರಲ್ಲಿ ಅದೇ ರಾಜ್ಯದ ಒಕೋನಿಗೆ ಸಿಕ್ಕಿತು.

ಇಂಥ ಪರವಾನಗಿ ಕೊಡುವ ಮುನ್ನ ಪರಿಸರ ಮೌಲ್ಯಮಾಪನ ಆಗಬೇಕು. ಅದನ್ನು ಮಾಡುವುದು ಪರಮಾಣು ನಿಯಂತ್ರಣ ಆಯೋಗ. ಅದರ ಕೇಂದ್ರ ಕಚೇರಿ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿದೆ, ಕೆರೊಲಿನಾಗಳ ಸ್ಥಾವರಗಳನ್ನು ನೋಡಿಕೊಳ್ಳುವ ಕಚೇರಿ ಅಟ್ಲಾಂಟಾದಲ್ಲಿದೆ. ವಿಶೇಷ ಏನಂದ್ರೆ, ಈ ನಿಯಮಕ್ಕೆ ಬಲ ಬಂದದ್ದೂ ಕಾಲ್ವರ್ಟ್ ಕ್ಲಿಫ್ಸ್‌ನಿಂದಲೇ! ಯಾರೂ ತಕರಾರು ಎತ್ತದಿದ್ದರೆ ವಿಚಾರಣೆಯಲ್ಲಿ ಪರಿಸರದ ವಿಷಯ ನೋಡಬೇಕಿಲ್ಲ ಎಂಬುದು ಅಂದಿನ ಪರಮಾಣು ಶಕ್ತಿ ಆಯೋಗದ ನಿಯಮವಾಗಿತ್ತು. ಸ್ಥಳೀಯರು ಕೋರ್ಟಿಗೆ ಹೋದರು. ಪರಿಸರದ ಕಾಳಜಿ ಆಯೋಗದ್ದೇ ಹೊಣೆ ಎಂದು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 1971ರಲ್ಲಿ ತೀರ್ಪು ಕೊಟ್ಟಿತು.

ಮೌಲ್ಯಮಾಪನದಲ್ಲಿ ನೀರು, ಮಣ್ಣು, ವನ್ಯಜೀವಿ, ಅಪಘಾತದ ಸಾಧ್ಯತೆ, ನೆರೆಹೊರೆಯವರಿಗೆ ತಗಲುವ ವಿಕಿರಣ ಎಲ್ಲವೂ ಬರುತ್ತವೆ. ಆವರಣದಾಚೆಯ ವ್ಯಕ್ತಿಗೆ ವರ್ಷಕ್ಕೆ 25 ಮಿಲಿರೆಮ್‌ಗಿಂತ ಹೆಚ್ಚು ತಗಲಬಾರದು. ಅಮೆರಿಕದಲ್ಲಿ ಪ್ರಕೃತಿಯಿಂದಲೇ ಸರಾಸರಿ 310ರಷ್ಟು ಬರುತ್ತದೆ. ಲೆಕ್ಕ ಸಮಾಧಾನಕರವಾಗಿಯೇ ಇದೆ. ಇಲ್ಲಿಗೆ 1992ರಲ್ಲಿ 20 ವರ್ಷದ ಪರವಾನಗಿ ಸಿಕ್ಕಿತು, 2014ರಲ್ಲಿ ಇನ್ನೂ 40 ವರ್ಷಕ್ಕೆ ನವೀಕರಣವಾಯಿತು.

ನಮ್ಮ ತಕರಾರು ಆ ಲೆಕ್ಕದ ಮೇಲಲ್ಲ, ಅದರ ಅವಧಿಯ ಮೇಲೆ. 1982ರ ಕಾನೂನಿನಂತೆ 1998ರ ಜನವರಿ 31ರಿಂದ ಸರ್ಕಾರ ಈ ಇಂಧನವನ್ನು ಒಯ್ಯಲು ಶುರುಮಾಡಬೇಕಿತ್ತು. ಒಯ್ಯಲಿಲ್ಲ. ನೆವಾಡಾದ ಯುಕ್ಕಾ ಬೆಟ್ಟದ ಯೋಜನೆ ನಿಂತುಹೋಯಿತು. ಕಂಪನಿಗಳಿಗೆ ಸರ್ಕಾರ 1000 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿದೆ. ಶಾಶ್ವತ ಜಾಗ ಸಿಗದೇ ಹೋದರೆ ಏನು ಅಂತ 2012ರಲ್ಲಿ ಕೋರ್ಟು ಕೇಳಿದ ಮೇಲೆ, 2014ರಲ್ಲಿ ಆಯೋಗ 60 ವರ್ಷ, 160 ವರ್ಷ ಮತ್ತು ‘ಅನಿರ್ದಿಷ್ಟ ಕಾಲ’ ಎಂಬ ಮೂರು ಲೆಕ್ಕ ಹಾಕಿತು. ಅದರಲ್ಲಿ ನೂರು ವರ್ಷಕ್ಕೊಮ್ಮೆ ಗೂಡು, ಡಬ್ಬಿ ಎಲ್ಲ ಬದಲಾಯಿಸುತ್ತಾರೆ ಎಂಬ ಊಹೆ ಇದೆ. ಅಂದ್ರೆ, ಇನ್ನೂ ಹುಟ್ಟದ ಎಂಜಿನಿಯರುಗಳು ತಪ್ಪದೆ ಡ್ಯೂಟಿಗೆ ಬರುತ್ತಾರೆ ಅನ್ನೋ ನಂಬಿಕೆ!

ಈ ಪ್ರಶ್ನೆ ನಮ್ಮೂರಿಗೂ ದೂರದ್ದಲ್ಲ. ಅಣು ತ್ಯಾಜ್ಯ ಕೋಲಾರದ ಚಿನ್ನದ ಗಣಿಗೆ ಬರುತ್ತದೆ ಎಂಬ ಸುದ್ದಿ 2012ರಲ್ಲಿ ಹಬ್ಬಿದಾಗ ಜನ ಬೀದಿಗಿಳಿದಿದ್ದರು. ಕಾಳಿ ದಡದ ಕೈಗಾದಲ್ಲಿ ಇನ್ನೂ ಎರಡು ಘಟಕ ಬರಲಿವೆ. ಭಾರತ ಬಳಸಿದ ಇಂಧನವನ್ನು ಮರುಸಂಸ್ಕರಿಸುವ ದಾರಿ ಹಿಡಿದಿದೆ ನಿಜ, ಆದರೆ ಮರುಸಂಸ್ಕರಣೆಯ ನಂತರವೂ ತೀವ್ರ ವಿಕಿರಣದ ತ್ಯಾಜ್ಯ ಉಳಿಯುತ್ತದೆ. ಇಂಥ ವರದಿ ಕೈಗೆ ಸಿಕ್ಕಾಗ ‘ಅಪಾಯ ಇದೆಯಾ?’ ಅಂತ ಕೇಳಿ ಸುಮ್ಮನಾಗಬೇಡಿ. ‘ಎಷ್ಟು ವರ್ಷದ ಲೆಕ್ಕ ಇದು, ಆಮೇಲೆ ಯಾರು ನೋಡ್ಕೋತಾರೆ?’ ಅಂತಲೂ ಕೇಳಿ.