ಮೆಂತ್ಯದ ಸೊಪ್ಪನ್ನು ಒಣಗಿಸಿಡುವ ಕ್ರಮ

ಚಳಿಗಾಲದಲ್ಲಿ ಸಂತೆಯ ತುಂಬ ಹೇರಳವಾಗಿ ದೊರೆಯುವ ಮೆಂತ್ಯದ ಸೊಪ್ಪನ್ನು ಮುಂದಿನ ತಿಂಗಳುಗಳಿಗಾಗಿ ಒಣಗಿಸಿ ಸಂಗ್ರಹಿಸುವ ಪದ್ಧತಿಯು ಉತ್ತರ ಭಾರತದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇಂದು ರಾಜಸ್ಥಾನದ ನಾಗೌರ ಪ್ರಾಂತದಲ್ಲಿ ವಿಶೇಷವಾಗಿ ಬೆಳೆದು, ಒಣಗಿ ಅಂಗಡಿಗಳಿಗೆ ಬರುವ ಕಸೂರಿ ಮೇಥಿಯು ನಮ್ಮ ಸಾಮಾನ್ಯ ಮೆಂತ್ಯಕ್ಕಿಂತ ಭಿನ್ನವಾದ, ಅಧಿಕ ಪರಿಮಳವುಳ್ಳ ಜಾತಿಯಾಗಿದ್ದರೂ, ನಮ್ಮ ಸೊಪ್ಪು ಅದೇ ಸಂಸ್ಕಾರಕ್ಕೆ ಒಗ್ಗದೆ ಹೋಗುವುದಿಲ್ಲ.

ಕಾಂಡದಿಂದ ಬಿಡಿಸಿದ ಎಲೆಗಳನ್ನು ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರವಿ, ಪಸೆಯಾರಿದ ತರುವಾಯ ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತಿರಬೇಕು. ಪ್ರಖರವಾದ ಬಿಸಿಲು ಪತ್ರಹರಿತ್ತನ್ನೂ ಕ್ಯಾರೊಟೀನನ್ನೂ ಕುಂದಿಸಿ ಎಲೆಯನ್ನು ವಿವರ್ಣಗೊಳಿಸುತ್ತದೆ. ಅತಿಯಾದ ಶಾಖವು ಬೇಗನೆ ಆವಿಯಾಗುವ ಸುಗಂಧದ್ರವ್ಯಗಳನ್ನು ಅಪಹರಿಸುತ್ತದೆ. ದಟ್ಟವಾಗಿ ಪೇರಿಸಿದರೆ ಒಳಗಿನ ಎಲೆಯು ಬೂಷ್ಟು ಹಿಡಿಯುತ್ತದೆ. ತೇವ ತುಂಬಿದ ಮಳೆಗಾಲದಲ್ಲಿಯೂ ಬೂಷ್ಟಿನ ಭಯವಿರುವುದರಿಂದ ಆಗ ಈ ಕಾರ್ಯಕ್ಕೆ ಕೈಹಾಕದಿರುವುದೇ ವಿವೇಕ.

ಬೆರಳುಗಳ ನಡುವೆ ಹಿಸುಕಿದೊಡನೆ ಪುಡಿಯಾಗುವ ಹದಕ್ಕೆ ಬಂದ ಸೊಪ್ಪನ್ನು ತೇವವಿಲ್ಲದ ಗಾಜಿನ ಭರಣಿಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಬೆಳಕು ತಾಕದ ಕಪಾಟಿನಲ್ಲಿಡಬೇಕು. ನೀರಿನಂಶವೆಲ್ಲ ಹೋದ ಸೊಪ್ಪಿನ ಕಹಿಯೂ ಕಂಪೂ ಸಾಂದ್ರವಾಗಿರುವುದರಿಂದ, ಸಾರಿಗಾಗಲಿ ಪಲ್ಯಕ್ಕಾಗಲಿ ಒಲೆಯಿಂದ ಇಳಿಸುವ ಮುನ್ನ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಒಂದು ಚಿಟಿಕೆಯೇ ಸಾಕು.